ಮಳೆಕಾಡಿನ ನೀರಿನಲ್ಲಿ ಒಂದು ದಿನ



2022ರ ದಸರಾ ರಜೆಯಲ್ಲಿ ನನ್ನ ಮೊಮ್ಮಗ ಹೈದರಾಬಾದಿನಿಂದ ಮಕ್ತಲ್‌ಗೆ ಬಂದಿದ್ದ. ಒಂದು ದಿನ ಟೀವಿಯಲ್ಲಿ ಅಮೆಜಾನ್ ನದಿಯನ್ನು ತೋರಿಸುತ್ತಿದ್ದರು. ಉದ್ದನೆಯ ದೋಣಿ, ಅದರಲ್ಲಿ ಟೋಪಿ ಹಾಕಿಕೊಂಡ ಪ್ರವಾಸಿಗರು, ಮುಂದೆ ನಿಂತ ಗೈಡು ಮಹಾಶಯ ಮಂಗ, ಹಕ್ಕಿ, ಮೊಸಳೆಗಳನ್ನು ಬೆರಳು ಮಾಡಿ ತೋರಿಸುತ್ತಾನೆ. ಬೆಳಿಗ್ಗೆ ಹೋಗಿ ಸಂಜೆಗೆ ತಿರುಗಿ ಬರುವ ಪ್ರವಾಸ. ಹುಡುಗ ಕೇಳಿದ, "ತಾತಾ, ಮಳೆಕಾಡಿನ ಇಂಥಾ ಹೊಳಿ ನಮ್ ಕಡಿ ಎಲ್ಲನ್ನ ಅದ ಏನು?" ಅದ, ನಮ್ಮ ಕೃಷ್ಣೆನೇ ಅಂಥಾ ಹೊಳಿ ಅಂದೆ. ಅವನು ನಕ್ಕುಬಿಟ್ಟ. "ಅಲ್ಲಿ ಬರೇ ಜಾಲಿಗಿಡ ಅದಾವಲ್ಲ ತಾತಾ!"

ಹುಡುಗನ ಮಾತು ಸುಳ್ಳಲ್ಲ. ನಮ್ಮ ದಂಡೆಯ ಮೇಲೆ ಜಾಲಿ, ಭತ್ತದ ಗದ್ದೆ, ತೊಗರಿ ಹೊಲ, ಆನೆ ಮಲಗಿದಂಥ ಬಂಡೆಗಲ್ಲು ಬಿಟ್ಟರೆ ಬೇರೇನಿದೆ? ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ನಾನು ಹೇಳಿದ್ದೂ ಸುಳ್ಳಲ್ಲ. ಅದು ಹೇಗೆಂದು ಅವನಿಗೆ ತೋರಿಸಬೇಕೆಂದೇ 2023ರ ಸಂಕ್ರಾಂತಿ ರಜೆಯಲ್ಲಿ ಕರೆದುಕೊಂಡು ಹೋದೆ. ನಾರಾಯಣಪೇಟೆಯ ಇಬ್ಬರು ನಿವೃತ್ತ ಸ್ನೇಹಿತರೂ ಜೊತೆಗೂಡಿದರು.

ನಾವು ಹೋದದ್ದು ಪಂಚದೇವಪಹಾಡದ ಘಾಟಿನಿಂದ ಕುರುವಗಡ್ಡೆಗೆ. ಪುರಾಣದ ಹೆಸರು ಕುರುವಪುರ. ನಾರಾಯಣಪೇಟೆಯವರು ಮೊದಲು ಮಕ್ತಲ್‌ಗೆ ಬಂದು ಅಲ್ಲಿಂದ ಆಟೋ ಹಿಡಿಯಬೇಕು. ಗದ್ವಾಲದವರಿಗೆ ಜುರಾಲ ಅಣೆಕಟ್ಟಿನ ಮೇಲಿನ ರಸ್ತೆ ಇದೆ. ರಾಯಚೂರಿನ ಕಡೆಯವರು ಆತ್ಕೂರಿನ ದಂಡೆಯಿಂದ ಬರುತ್ತಾರೆ. ಗಡ್ಡೆ ಕರ್ನಾಟಕಕ್ಕೆ ಸೇರಿದ್ದು, ನಾವು ಹತ್ತಿದ ದಂಡೆ ತೆಲಂಗಾಣದ್ದು. ಇನ್ನು ಗದ್ವಾಲ ತಾಲೂಕು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು ಎಂಬುದು ಈಗಿನ ಎಷ್ಟು ಮಂದಿಗೆ ಗೊತ್ತು? ಕಾಗದದ ಮೇಲೆ ಗೆರೆ ಎಳೆದವರು ಎಳೆದರು. ಬೀಗತನ, ಸಂತೆ, ಜಾತ್ರೆ ಎಲ್ಲವೂ ಹೊಳೆಯ ಎರಡೂ ಕಡೆಗೆ ಹಾಗೆಯೇ ಉಳಿದವು.

ನಾವು ಹತ್ತಿದ್ದು ಮೋಟಾರು ದೋಣಿ. ನನ್ನ ಕಾಲಕ್ಕೆ ಇದ್ದದ್ದು ಹರಿಗೋಲು, ತೆಲುಗಿನವರ ಬಾಯಲ್ಲಿ ಪುಟ್ಟಿ. ಬಿದಿರಿನ ದೊಡ್ಡ ಬುಟ್ಟಿ ಹೆಣೆದು ಹೊರಗಡೆ ಎಮ್ಮೆಯ ತೊಗಲು ಬಿಗಿಯುತ್ತಿದ್ದರು. ಆಮೇಲೆ ತೊಗಲು ಹೋಗಿ ಪ್ಲಾಸ್ಟಿಕ್ ತಾಡಪಾಲು, ಡಾಂಬರು ಬಂದವು. ಹರಿಗೋಲಿಗೆ ಮುಂದೆ ಹಿಂದೆ ಎಂಬುದಿಲ್ಲ. ಅಂಬಿಗ ಹುಟ್ಟು ಹಾಕಿದಂತೆ ಅದು ತಿರುತಿರುಗಿ ಸಾಗುತ್ತದೆ. ಮೊದಲ ಸಲ ಕೂತವರಿಗೆ ಹೊಟ್ಟೆ ತೊಳಸುತ್ತದೆ.

ನಮ್ಮ ಅಂಬಿಗ ನಲವತ್ತರ ಆಸುಪಾಸಿನವನು. ನನ್ನನ್ನು ನೋಡಿದವನೇ, "ಸಾರ್, ನೀವು ಬ್ಯಾಂಕಿನ್ಯಾಗ ಇದ್ರಲ್ಲ? ನಮ್ಮಪ್ಪಗ ಎಮ್ಮಿ ಸಾಲದ ಕಾಗದ ನೀವೇ ತುಂಬಿ ಕೊಟ್ಟಿದ್ರಿ" ಅಂದ. ನನಗೆ ನೆನಪಿರಲಿಲ್ಲ. ಎಮ್ಮೆ ಸಾಲದ ಅರ್ಜಿಗಳನ್ನು ಎಷ್ಟು ತುಂಬಿದ್ದೇನೋ. ಅವನೇ ನಮಗೆ ಗೈಡು. ಯಾವ ಬಂಡೆಯ ಕೆಳಗೆ ಸುಳಿ ಇದೆ, ಯಾವ ಕಲ್ಲು ನೀರೊಳಗೆ ಮುಳುಗಿ ಕೂತಿದೆ ಎಲ್ಲವೂ ಅವನಿಗೆ ಬಾಯಿಪಾಠ. ನಡುವೆ ಒಂದು ಕಲ್ಲಿನ ಮೇಲೆ ಮೊಸಳೆ ಬಿಸಿಲು ಕಾಯುತ್ತ ಬಿದ್ದಿತ್ತು. "ಮರೀ, ಕೈ ಒಳಗ ಇಟ್ಕೋ" ಎಂದು ಹುಡುಗನಿಗೆ ಮೆಲ್ಲಗೆ ಹೇಳಿ ಮೋಟಾರಿನ ಸದ್ದು ತಗ್ಗಿಸಿದ. ಹುಡುಗ ಉಸಿರು ಬಿಗಿಹಿಡಿದು ನೋಡಿದ. ದಂಡೆಯ ಹೊಲಗಳಿಗೆ ಕೃಷ್ಣಮೃಗದ ಹಿಂಡು ನುಗ್ಗುವ ಕಥೆಯನ್ನೂ ಹೇಳಿದ. ನೋಡಲು ಬರುವವರಿಗೆ ಅವು ಚೆಂದ. ತೊಗರಿ, ಹತ್ತಿ ಬಿತ್ತಿದ ರೈತನನ್ನು ಕೇಳಿದರೆ ಬೇರೆ ಮಾತು ಬರುತ್ತದೆ.

ಒಂದು ದೊಡ್ಡ ಬಂಡೆಯ ಬಳಿ ದೋಣಿ ನಿಲ್ಲಿಸಿ ನಮ್ಮ ತಲೆಗಿಂತ ಬಹಳ ಮೇಲೆ ಕಲ್ಲಿನ ಬಣ್ಣ ಬದಲಾದ ಗೆರೆಯನ್ನು ತೋರಿಸಿದ. 2019ರ ಆಗಸ್ಟಿನಲ್ಲಿ ನೀರು ಅಲ್ಲಿತ್ತು. "ಅವತ್ತು ಇಲ್ಲಿ ಮಳಿ ಭಾಳ ಬಂದಿತ್ತೇನು?" ಎಂದು ಹುಡುಗ ಕೇಳಿದ. "ಮಳಿ ಎಲ್ಲಿದು ಮರೀ, ಸುಡೂ ಬಿಸಲಿತ್ತು" ಅಂದ ಅಂಬಿಗ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುರುವಗಡ್ಡೆಯಲ್ಲಿ ಶ್ರೀಪಾದ ಶ್ರೀವಲ್ಲಭರ ದರ್ಶನ ಮಾಡಿ, ಟೆಂಬೆ ಸ್ವಾಮಿಗಳ ಗುಹೆ ನೋಡಿ, ದೊಡ್ಡ ಆಲದ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಪಕ್ಕದಲ್ಲಿ ಮಹಾರಾಷ್ಟ್ರದಿಂದ ಬಂದ ಯಾತ್ರಿಕರ ಗುಂಪು ಕೂತಿತ್ತು. ಅವರಲ್ಲಿ ಒಬ್ಬ ಮುದುಕಿ ಸಾತಾರಾ ಕಡೆಯವರು. ನಾರಾಯಣಪೇಟೆಯಲ್ಲಿ ನೌಕರಿ ಮಾಡಿದವನಿಗೆ ಅಷ್ಟಿಷ್ಟು ಮರಾಠಿ ಬಾರದೆ ಇರುವುದಿಲ್ಲ. ತಮ್ಮ ಊರಿನ ಹೊಳೆಯೂ ಇದೇ ಕೃಷ್ಣೆ, ಮಳೆಗಾಲದ ನಾಲ್ಕು ತಿಂಗಳು ಸೂರ್ಯನ ಮುಖ ಕಾಣುವುದೇ ಅಪರೂಪ, ಬಟ್ಟೆ ಒಣಗಿಸಲು ಒಲೆಯ ಮೇಲೆ ಹಗ್ಗ ಕಟ್ಟುತ್ತೇವೆ ಎಂದರು. ನಾನು ಮೊಮ್ಮಗನಿಗೆ, ಕೇಳಿದೆಯಾ, ನಿನ್ನ ಮಳೆಕಾಡು ಅಲ್ಲಿದೆ ನೋಡು ಅಂದೆ.

ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಅಲ್ಲಿಂದ ಅರಬ್ಬಿ ಸಮುದ್ರ ಕೇವಲ 64 ಕಿಲೋಮೀಟರು. ಆದರೂ ಈ ತಾಯಿ ಆ ಕಡೆ ತಿರುಗದೆ 1,400 ಕಿಲೋಮೀಟರು ನಡೆದು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ. ಕೊಯ್ನಾ ಕಣಿವೆಯ ಎಂದೂ ಎಲೆ ಉದುರದ ಕಾಡು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ಭಾಗ. ಮಲಪ್ರಭೆ ಹುಟ್ಟುವ ಖಾನಾಪುರದ ಕಣಕುಂಬಿ, ಭೀಮೆ ಹುಟ್ಟುವ ಭೀಮಾಶಂಕರ ಎಲ್ಲವೂ ಆ ಘಟ್ಟದ ಸಾಲಿನವೇ. ಇಷ್ಟು ಹೊಳೆಗಳ ನೀರು ಕೂಡಿಕೊಂಡು, ನಮ್ಮ ತಂಗಡಗಿಯ ಹತ್ತಿರ ಭೀಮೆಯೂ ಬೆರೆತು, ಕುರುವಗಡ್ಡೆಯನ್ನು ಬಳಸಿ ಹೋಗುತ್ತದೆ. ಕಾಡು ಅಲ್ಲಿಯೇ ನಿಂತಿತು, ಅದರ ನೀರು ಮಾತ್ರ ನಮ್ಮ ಜಾಲಿಗಿಡಗಳ ನಡುವೆ ಬಂತು. ಅಮೆಜಾನಿನ ಉಪನದಿ ನೀಗ್ರೋದ ದಂಡೆಯಲ್ಲಿ ಮನೌಸ್ ಎಂಬ ಊರಿದೆ. ಅಲ್ಲಿ ವರ್ಷದಲ್ಲಿ ನೀರು ಸುಮಾರು 10 ಮೀಟರು ಏರಿ ಇಳಿಯುತ್ತದೆ. ದೂರದೂರದ ಮಳೆ ಅಲ್ಲಿಗೆ ಬಂದು ಸೇರುವುದೇ ಅದಕ್ಕೆ ಕಾರಣ. ನಮ್ಮದೂ ಅದೇ ಲೆಕ್ಕ, ಪ್ರಮಾಣ ಮಾತ್ರ ಸಣ್ಣದು.

ನಾನು ಇಷ್ಟು ಹೇಳುವುದಕ್ಕೆ ಒಂದು ಕಾರಣ ಇದೆ. ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

1979ರ ಶ್ರಾವಣ. ನಾನು ಬ್ಯಾಂಕು ಸೇರಿ ಒಂದು ವರ್ಷವಾಗಿತ್ತು. ನಮ್ಮ ಅಕ್ಕನನ್ನು ಆಚೆ ದಂಡೆಯ ಹಳ್ಳಿಗೆ ಕೊಟ್ಟಿದ್ದರು. ಅವಳ ಚೊಚ್ಚಲ ಮಗುವಿಗೆ ತೊಟ್ಟಿಲು ಹಾಕುವ ದಿನ ಗೊತ್ತಾಯಿತು. ತವರಿನ ನಾರಾಯಣಪೇಟೆ ಸೀರೆ, ಕುಂಚಿಗೆ, ಬೆಳ್ಳಿ ಉಡಿದಾರ ನಾನು ಒಯ್ಯಬೇಕು. ದೇವಸುಗೂರಿನ ಸೇತುವೆ ನಿಜಾಮರ ಕಾಲಕ್ಕೇ, 1943ರಲ್ಲೇ ಮುಗಿದಿತ್ತು. ಬಸ್ಸು ಹಿಡಿದು ರಾಯಚೂರಿನ ಮೇಲೆ ಸುತ್ತಿ ಹೋಗಬಹುದಿತ್ತು. ಆದರೆ ನನಗೆ ಸಿಕ್ಕಿದ್ದು ಒಂದೇ ದಿನದ ರಜೆ. ಘಾಟಿಗೆ ಬಂದೆ.

ಅಲ್ಲಿ ಒಬ್ಬ ಹಿರಿಯ ಅಂಬಿಗ ಬೀಡಿ ಸೇದುತ್ತ ಕೂತಿದ್ದ. ಇವತ್ತು ಹರಿಗೋಲು ಬಿಡೂದಿಲ್ಲ ಅಂದ. ಆಕಾಶದಲ್ಲಿ ಒಂದು ಅಂಗೈಯಷ್ಟು ಮೋಡವಿಲ್ಲ. "ಕಾಕಾ, ಮಳಿ ಎಲ್ಲಿ ಅದ?" ಎಂದು ಕೇಳಿದೆ. ಅವನು ಎದ್ದು ನೀರಿನ ಅಂಚಿಗೆ ಒಂದು ಜಾಲಿ ಕಡ್ಡಿ ನೆಟ್ಟು, "ಕುಂಡ್ರಪ್ಪ, ಈ ಬೀಡಿ ಮುಗಿಯೂತನಕ ನೋಡು" ಅಂದ. ಬೀಡಿ ಮುಗಿಯುವಷ್ಟರಲ್ಲಿ ಕಡ್ಡಿ ಎರಡು ಬೆರಳು ನೀರೊಳಗೆ ಇತ್ತು. ನೀರಿನ ಬಣ್ಣ ಕೆಂಪಾಗಿತ್ತು, ಮೇಲೆ ನೊರೆ. ಆಗ ನಾರಾಯಣಪುರದ ಅಣೆಕಟ್ಟು ಇನ್ನೂ ಕಟ್ಟುತ್ತಿದ್ದರು. ಘಟ್ಟದಲ್ಲಿ ಬಿದ್ದ ನೀರು ತಡೆಯಿಲ್ಲದೆ ಇಳಿದು ಬರುತ್ತಿತ್ತು.

ಕಣ್ಣಾರೆ ಕಂಡೂ ನಾನು ಒಪ್ಪಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಹರೆಯದ ಅಂಬಿಗನಿದ್ದ, ನನ್ನ ವಯಸ್ಸಿನವನೇ. ದುಪ್ಪಟ್ಟು ದುಡ್ಡಿನ ಆಸೆ ತೋರಿಸಿದೆ. ಹಿರಿಯನು ಬೈದ, ಅವನು ಕೇಳಲಿಲ್ಲ. ಅರ್ಧ ಹೊಳೆಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಸೆಳವಿಗೆ ಸಿಕ್ಕಿದ ಹರಿಗೋಲು ಬುಗುರಿಯಂತೆ ತಿರುಗಿತು. ಮೈಲಿ ದೂರ ಕೆಳಗೆ ಕೊಚ್ಚಿಕೊಂಡು ಹೋಗಿ ಒಂದು ಕಲ್ಲಿಗೆ ಬಡಿಯಿತು. ಬಿದಿರು ಮುರಿಯಿತು, ತೊಗಲು ಸೀಳಿತು. ಸಣ್ಣದೊಂದು ನಡುಗಡ್ಡೆಯ ಗಿಡಗಂಟಿಗಳನ್ನು ಹಿಡಿದು ಇಬ್ಬರೂ ಮೇಲೆ ಹತ್ತಿದೆವು. ರಾತ್ರಿಯೆಲ್ಲ ಅಲ್ಲಿಯೇ ಕೂತಿದ್ದೆವು. ಸುತ್ತ ನೀರಿನ ಸದ್ದು, ಮೇಲೆ ತುಂಬಿದ ನಕ್ಷತ್ರ. ಅವನು ಬೆಳಗಿನವರೆಗೂ ಒಂದೇ ಒಂದು ಮಾತು ಆಡಿದ: "ಸಾಲ ಮಾಡಿ ಕಟ್ಟಿಸಿದ್ನೆಪ್ಪ."

ಮರುದಿನ ಬೇರೆ ಹರಿಗೋಲು ಬಂದು ನಮ್ಮನ್ನು ದಂಡೆ ಮುಟ್ಟಿಸಿತು. ಸೀರೆಯ ಗಂಟು ಹೊಳೆಪಾಲಾಗಿತ್ತು, ತೊಟ್ಟಿಲ ಕಾರ್ಯ ನಾನಿಲ್ಲದೆ ಮುಗಿದಿತ್ತು. ಮಾತಾಡಿದ ದುಪ್ಪಟ್ಟು ಬಾಡಿಗೆಯನ್ನು ಕೊಟ್ಟೆ. ಹರಿಗೋಲಿನ ಬೆಲೆ ಕೊಡಲಿಲ್ಲ. ಮುಂದಿನ ಸಂಬಳಕ್ಕೆ ಕೊಟ್ಟರಾಯಿತು ಅಂದುಕೊಂಡೆ. ಮುಂದೆ ಎಷ್ಟೋ ಸಂಬಳಗಳು ಬಂದವು. ಸಂಜೆ ಕ್ಯಾಷ್ ತಾಳೆಯಾಗುವವರೆಗೆ, ಹತ್ತು ಪೈಸೆ ಹೆಚ್ಚು ಕಡಿಮೆಯಾದರೂ ಮನೆಗೆ ಹೋಗದೆ ಕೂತು ಲೆಕ್ಕ ಹುಡುಕಿದವನು ನಾನು. ಆ ಘಾಟಿಗೆ ಮಾತ್ರ ಹತ್ತು ವರ್ಷ ಹೋಗಲಿಲ್ಲ. ಹೋದಾಗ ಅವನಿರಲಿಲ್ಲ.

ಈ ಸಲ ನಮ್ಮ ಅಂಬಿಗನನ್ನು ಕೇಳಿದೆ. ಅವನ ಹೆಸರು ಹೇಳಿದ ಕೂಡಲೆ, "ಅವರು ಮಣ್ಣಿನ ಕೆಲಸಕ್ಕ ಬೊಂಬಾಯಿಗಿ ಹೋದೋರು ತಿರುಗಿ ಬರಲೇ ಇಲ್ಲ ಸಾರ್, ಮಕ್ಕಳೂ ಅಲ್ಲೇ ಅದಾರಂತ" ಎಂದ. ಹರಿಗೋಲು ಹೋದ ಮೇಲೆ ಹೋದನೋ, ಬರಗಾಲಕ್ಕೆ ಹೋದನೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಇರಲಿ. ನೀವು ಹೋಗುವವರಿದ್ದರೆ ನಾಲ್ಕು ಮಾತು ಹೇಳುತ್ತೇನೆ. ಪುಷ್ಯ, ಮಾಘ ಮಾಸಗಳು ಒಳ್ಳೆಯವು. ನೀರು ಶಾಂತವಾಗಿರುತ್ತದೆ, ಬಿಸಿಲೂ ಹಿತ. ಆಷಾಢದಿಂದ ಭಾದ್ರಪದದವರೆಗೆ ನಮ್ಮೂರ ಆಕಾಶ ನೋಡಿ ಹೊರಡಬೇಡಿ. ಅಂಬಿಗನ ಕಡ್ಡಿಯ ಜೊತೆಗೆ ಈಗ ಇನ್ನೊಂದನ್ನೂ ನೋಡಬೇಕು, ಅದು ಅಣೆಕಟ್ಟಿನ ಗೇಟು. ಆಲಮಟ್ಟಿ, ನಾರಾಯಣಪುರಗಳಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ಆ ದಿನಗಳಲ್ಲಿ ಪತ್ರಿಕೆ, ರೇಡಿಯೋಗಳಲ್ಲಿ ಬರುತ್ತದೆ. ಕ್ಯೂಸೆಕ್ಸ್ ಎಂದ ಕೂಡಲೆ ನಾವು ಪುಟ ತಿರುಗಿಸುತ್ತೇವೆ. ಒಂದು ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು. ಒಂದು ಲಕ್ಷ ಕ್ಯೂಸೆಕ್ಸ್ ಎಂದರೆ ಹತ್ತು ಸಾವಿರ ಲೀಟರಿನ ನೀರಿನ ಟ್ಯಾಂಕರುಗಳು ಸೆಕೆಂಡಿಗೆ 280ರಂತೆ ನಿಮ್ಮ ಮುಂದೆ ಹಾಯ್ದುಹೋದ ಹಾಗೆ. 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಬಿಟ್ಟ ನೀರು 5 ಲಕ್ಷ ಕ್ಯೂಸೆಕ್ಸ್ ದಾಟಿತ್ತು. ಲೆಕ್ಕ ನೀವೇ ಹಾಕಿಕೊಳ್ಳಿ. 2009ರ ಅಕ್ಟೋಬರಿನಲ್ಲಿ ಮಾತ್ರ ಮಳೆ ನಮ್ಮ ತಲೆಯ ಮೇಲೆಯೇ ಸುರಿದಿತ್ತು, ಅದು ಬೇರೆ.

ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ನಮ್ಮ ದೋಣಿಯಲ್ಲಿ ಅವು ಇದ್ದವು, ಆದರೆ ಮೂಲೆಯಲ್ಲಿ ಗಂಟು ಕಟ್ಟಿ ಬಿದ್ದಿದ್ದವು, ನಾವೇ ಬಿಚ್ಚಿಸಿದೆವು. ನನ್ನ ಸ್ನೇಹಿತರೊಬ್ಬರು ಸೆಕೆಯೆಂದು ಗೊಣಗಿದರು. 2019ರ ಸೆಪ್ಟೆಂಬರ್ 15ರಂದು ಪಾಪಿಕೊಂಡಲು ನೋಡಲು ಹೊರಟ ದೋಣಿ ಗೋದಾವರಿಯ ಪ್ರವಾಹದಲ್ಲಿ ಕಚ್ಚುಲೂರಿನ ಬಳಿ ಮುಳುಗಿದ್ದನ್ನು ಅವರಿಗೆ ನೆನಪು ಮಾಡಿಕೊಟ್ಟೆ. ಅದೂ ಕಾಡಿನ ನಡುವಿನ ಪ್ರವಾಸವೇ, ಹೊರಟವರು ನಮ್ಮ ನಿಮ್ಮಂಥವರೇ. ಅಷ್ಟು ದೂರ ಯಾಕೆ, 2020ರ ಆಗಸ್ಟಿನಲ್ಲಿ ಇದೇ ಪಂಚದೇವಪಹಾಡದ ಹತ್ತಿರ ಹರಿಗೋಲು ಮಗುಚಿ ಕುರ್ವಕುರ್ದಾ ನಡುಗಡ್ಡೆಯ ನಾಲ್ವರು ನೀರುಪಾಲಾದರು. ಅವರು ಪ್ರವಾಸಕ್ಕೆ ಬಂದವರಲ್ಲ, ಮನೆಯ ಸಾಮಾನಿಗಾಗಿ ಹೊಳೆ ದಾಟಿದವರು. ನಮಗೆ ಒಂದು ದಿನದ ಸಂತೋಷವಾದದ್ದು ಗಡ್ಡೆಯವರಿಗೆ ದಿನನಿತ್ಯದ ದಾರಿ.

ಅಂಬಿಗ ಬಿಡುವುದಿಲ್ಲ ಅಂದರೆ ಜಗಳವಾಡಬೇಡಿ, ಹೆಚ್ಚು ದುಡ್ಡಿನ ಆಸೆಯನ್ನೂ ತೋರಿಸಬೇಡಿ.

ನಾವು ಈಚೆ ದಂಡೆಗೆ ಬಂದಾಗ ಹೊತ್ತು ಇಳಿದಿತ್ತು. ನನ್ನ ಕಥೆ ಕೇಳಿದ್ದ ಮೊಮ್ಮಗ ಒಂದು ಜಾಲಿ ಕಡ್ಡಿ ಹುಡುಕಿ ತಂದು ನೀರಿನ ಅಂಚಿಗೆ ನೆಟ್ಟು ಕೂತ. ಅಂಬಿಗ ದೋಣಿಯ ಹಗ್ಗ ಕಟ್ಟುವವರೆಗೂ ನೋಡಿದ, ನಾವು ಚಹಾ ಕುಡಿಯುವವರೆಗೂ ನೋಡಿದ. ಕಡ್ಡಿ ಒಣಗಿಯೇ ಇತ್ತು. "ಏನೂ ಆಗವಲ್ದು ತಾತಾ" ಎಂದ.

ಅಂಬಿಗ ನಕ್ಕು, "ಈಗೇನ್ ಆಗ್ತದ ಮರೀ? ಶ್ರಾವಣದಾಗ ಬಾ. ಇಬ್ರೂ ಇಲ್ಲೇ ದಂಡಿ ಮ್ಯಾಲ ಕುಂತು ನೋಡೋಣು" ಎಂದು ಹೇಳಿ ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ಊರ ಕಡೆ ನಡೆದ.