ಜಾರನ ಶಾಸನ, ನಮ್ಮ ಡಿಕ್ಲರೇಷನ್

‘ಡಿಕ್ಲರೇಷನ್’ ಹಾಕಿದ ದಿನಗಳು ನೆನಪಿರುವ ಹಿರಿಯರು ನಿಟ್ಟೆಯ ಈ ಸಭೆಯಲ್ಲಿದ್ದೀರಿ. ನಿಮ್ಮೆದುರು ರಷ್ಯದ ಜೀತದ ಕಥೆ ಹೇಳುವುದು ಸುಲಭ.

ಅಲ್ಲಿ ಜಮೀನಿನ ಜೊತೆಗೆ ರೈತನೂ ಧಣಿಯ ಸೊತ್ತು. ರಾಣಿ ಎರಡನೇ ಕ್ಯಾಥರೀನ್ ಫ್ರೆಂಚ್ ಚಿಂತಕರಿಗೆ ಕಾಗದ ಬರೆಯುತ್ತ, ಸುಧಾರಣೆಯ ಮಾತಾಡುತ್ತಲೇ, ಮೆಚ್ಚಿನವರಿಗೆ ಒಕ್ಕಲು ಸಮೇತ ಊರುಗಳನ್ನು ಕೊಟ್ಟಳು. 1790ರಲ್ಲಿ ರದಿಶ್ಚೇವ್ ಎಂಬಾತ ಜೀತದ ಕ್ರೌರ್ಯವನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಅವನಿಗೆ ಮರಣದಂಡನೆ ಆಯಿತು. ಆಮೇಲೆ ಅದು ಸೈಬೀರಿಯದ ಗಡೀಪಾರಿಗೆ ಇಳಿಯಿತು. ಒಬ್ಬನೇ ಎಲ್ಲವನ್ನೂ ಮಾಡಬಲ್ಲ ರಾಜ್ಯದಲ್ಲಿ ಸುಧಾರಣೆ ಬರುವುದು ಅವನಿಗೆ ಭಯ ಹುಟ್ಟಿದಾಗ. ಕ್ರಿಮಿಯ ಯುದ್ಧದಲ್ಲಿ ಸೋತ ಮೇಲೆ, 1861ರಲ್ಲಿ, ಎರಡನೇ ಅಲೆಕ್ಸಾಂಡರ್ ಎರಡು ಕೋಟಿಗೂ ಮಿಕ್ಕಿ ಜನರನ್ನು ಬಿಡುಗಡೆ ಮಾಡಿದ. ಆದರೆ ಭೂಮಿ ಪುಕ್ಕಟೆಯಲ್ಲ. ಧಣಿಗಳಿಗೆ ಸರಕಾರ ಹಣ ಕೊಟ್ಟಿತು. ರೈತ 49 ವರ್ಷ ಕಂತು ಕಟ್ಟಬೇಕು! 1905ರ ದಂಗೆಯ ಬಿಸಿ ತಟ್ಟಿದ ಮೇಲಷ್ಟೇ, 1907ರಿಂದ, ಕಂತು ರದ್ದಾಯಿತು.

ನಮ್ಮ ಚಾಲಗೇಣಿ ಒಕ್ಕಲನ್ನು ಯಾರೂ ಮಾರುವಂತಿರಲಿಲ್ಲ, ಎಬ್ಬಿಸಬಹುದಿತ್ತು. ಮೂಲಗೇಣಿಯವನಿಗೆ ಗೇಣಿ ಖಾಯಂ. ಚಾಲಗೇಣಿಯವನದು ಧಣಿಯ ಮರ್ಜಿ. ಬೆಳೆ ಕೈಕೊಟ್ಟರೂ ಅಕ್ಕಿಮುಡಿ ಧಣಿಯ ಅಂಗಳ ಸೇರಬೇಕು. ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಭೂಮಿ ಸರಕಾರಕ್ಕೆ ಸೇರಿ, ಒಕ್ಕಲು ಅರ್ಜಿ ಹಾಕಿ ಪಡೆಯುವಂತಾಯಿತು. ಭೂನ್ಯಾಯ ಮಂಡಳಿಯಲ್ಲಿ ಮೊದಲಿಗೆ ವಕೀಲರಿಗೆ ಪ್ರವೇಶವಿರಲಿಲ್ಲ. ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವನು ಅದೇ ಧಣಿಯ ಎದುರು “ಈ ಗದ್ದೆ ಉತ್ತದ್ದು ನಾನು” ಎನ್ನಬೇಕಿತ್ತು. ಅದಕ್ಕೆಷ್ಟು ಎದೆ ಬೇಕಿತ್ತೆಂದು ಕಾನೂನಿನ ಪುಸ್ತಕದಲ್ಲಿ ಬರೆದಿಲ್ಲ. (ಎರಡೆಕ್ರೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರ ಸಂಕಟವೂ ನಿಜವೇ.)

ರಷ್ಯದ ಜೀತಗಾರನಿಗೆ ನಮ್ಮಲ್ಲಿ ನಿಜವಾದ ಜೊತೆಗಾರ ಗೇಣಿ ಒಕ್ಕಲಲ್ಲ, ಮೂಲದಾಳು. ತುಳುನಾಡಿನಲ್ಲಿ ಅವನು ಒಡೆಯನ ಸೊತ್ತೆಂದೇ ಎಣಿಕೆಯಾಗಿತ್ತು. 1843ರ ಕಾಯಿದೆಯಿಂದ ಅಂಥ ಹಕ್ಕಿಗೆ ಕೋರ್ಟಿನ ಬೆಂಬಲ ತಪ್ಪಿತು. ಆದರೆ ಸಾಲ ಅವನನ್ನು ಅಲ್ಲೇ ಕಟ್ಟಿಹಾಕಿತು. ಕಾರಂತರ ಚೋಮನಿಗೆ ಜೋಡಿ ಎತ್ತಿತ್ತು, ಗದ್ದೆಯಿರಲಿಲ್ಲ. ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಜೀತ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ. ಈ ನಡುವೆ ಬಂದ ಭೂಮಸೂದೆ ಗದ್ದೆ ಕೊಟ್ಟದ್ದು ಗೇಣಿ ಕೊಡುತ್ತಿದ್ದವನಿಗೆ. ಗೇಣಿಯೇ ಇಲ್ಲದೆ ಕೂಲಿಗೆ ದುಡಿದ ಚೋಮನಂಥವನು ಯಾವ ಡಿಕ್ಲರೇಷನ್ ಹಾಕಬೇಕಿತ್ತು? ಅವನ ಪಾಲಿಗೆ ಬಂದದ್ದು ಗುಡಿಸಲು ನಿಂತ ಅಡಿಸ್ಥಳ.