ಹುಳು ಮಲಗಿದ ಹೊತ್ತು

ಭಾನುವಾರ ರಜೆಯ ದಿನವೆಂಬುದು ಕಚೇರಿಗೂ ಗೊತ್ತು, ಶಾಲೆಗೂ ಗೊತ್ತು. ರೇಷ್ಮೆ ಹುಳುವಿಗೆ ಮಾತ್ರ ಗೊತ್ತಿಲ್ಲ. ಶನಿವಾರ ಅರ್ಧ ದಿನದ ಪಾಠ ಮುಗಿಸಿ ಮಕ್ಕಳು ಪುಸ್ತಕದ ಚೀಲವನ್ನು ಮೂಲೆಗೆ ಒರಗಿಸುವ ಹೊತ್ತಿಗೆ, ಹುಳು ಮನೆಯಲ್ಲಿ ಸೊಪ್ಪಿನ ವೇಳೆ ಆಗಿರುತ್ತದೆ. ಅಪ್ಪ ಹಿಪ್ಪುನೇರಳೆ ತೋಟದಲ್ಲಿರುತ್ತಾನೆ, ಅಮ್ಮ ಹಾಸಿಗೆ ಬದಲಿಸುತ್ತಿರುತ್ತಾಳೆ. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಸೀಮೆಯಲ್ಲಿ ಬಾಳುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಇಂಥ ಮನೆಯ ಮಕ್ಕಳಿಗೆ ಚಳಿಗಾಲದ ರಜೆಯ ಆಟ ಎಲ್ಲಿಂದ ಬರಬೇಕು?

ನಮ್ಮ ಈ ನಾಡು ಕಷ್ಟಪಟ್ಟು ಉಣ್ಣುವ ನಾಡು. ಉತ್ತರ ಪಿನಾಕಿನಿ ಇಲ್ಲಿಯ ನಂದಿಯ ಬೆಟ್ಟಸಾಲಿನಲ್ಲಿಯೇ ಹುಟ್ಟುತ್ತದೆ, ಗೌರಿಬಿದನೂರಿನ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಆದರೆ ವರ್ಷದ ಹೆಚ್ಚಿನ ಕಾಲ ಮರಳನ್ನೇ ತೋರಿಸುತ್ತದೆ. ಕೆರೆ ತುಂಬಿದರೆ ಪುಣ್ಯ, ಕೊಳವೆಬಾವಿ ಒಸರಿದರೆ ಅದೃಷ್ಟ. ಆದುದರಿಂದ ಜನ ಒಂದನ್ನೇ ನೆಚ್ಚಿ ಕೂರುವುದಿಲ್ಲ. ರೇಷ್ಮೆಯ ಜೊತೆಗೆ ರಾಗಿ, ರಾಗಿಯ ಜೊತೆಗೆ ಅವರೆ, ಅವುಗಳೊಡನೆ ನಾಲ್ಕು ಕರೆಯುವ ಹಸು. ಕಾರ್ತಿಕ ಕಳೆದು ಮಾರ್ಗಶಿರ ಬಂತೆಂದರೆ ಇವೆಲ್ಲವೂ ಒಟ್ಟಿಗೆ ಬಾಗಿಲಿಗೆ ಬರುತ್ತವೆ. ರಾಗಿ ಕೊಯ್ಲು, ಕಣದ ಕೆಲಸ, ಅವರೆಕಾಯಿ ಬಿಡಿಸುವುದು, ಹಿಂದೆಯೇ ಸಂಕ್ರಾಂತಿ. ಹಗಲು ಚಿಕ್ಕದು, ಕೆಲಸ ದೊಡ್ಡದು.

ಆದರೂ ಬಿಡುವಿಲ್ಲವೆಂದು ದೂರುವ ಮುನ್ನ ಹುಳುವನ್ನೇ ಒಮ್ಮೆ ವಿಚಾರಿಸಿ ನೋಡಿ. ಹುಳು ತನ್ನ ಆಯುಸ್ಸಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನೀವು ಜ್ವರವೆನ್ನುತ್ತೀರಿ. ಜ್ವರಕ್ಕೆ ಕೂತ ಹುಳು ಸುಮಾರು ಒಂದು ದಿನ, ನಾಲ್ಕನೆಯ ಜ್ವರದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಹೊತ್ತು, ಸೊಪ್ಪು ಮುಟ್ಟುವುದಿಲ್ಲ. ಆಗ ಅದನ್ನು ಅಲುಗಿಸಬಾರದು, ಹಾಸಿಗೆ ಒಣಗಿರಬೇಕು, ಮನೆ ನಿಶ್ಶಬ್ದವಾಗಿರಬೇಕು. ಚಾಕಿ ಕೇಂದ್ರದಿಂದ ಎರಡನೆಯ ಜ್ವರ ಕಳೆದ ಹುಳುವನ್ನು ತರುವ ಮನೆಯಲ್ಲಿ ಇಂಥ ಬಿಡುವು ಎರಡು. ನಾಲ್ಕನೆಯ ಜ್ವರ ಎದ್ದ ಮೇಲೆ ಏಳೆಂಟು ದಿನ ಯಾರಿಗೂ ಉಸಿರಾಡಲು ಸಮಯವಿಲ್ಲ. ತಾನು ತಿನ್ನುವ ಒಟ್ಟು ಸೊಪ್ಪಿನಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಪಾಲನ್ನು ಹುಳು ಈ ದಿನಗಳಲ್ಲಿಯೇ ತಿನ್ನುತ್ತದೆ. ಹಣ್ಣಾದ ಹುಳು ಚಂದ್ರಿಕೆ ಏರಿತೆಂದರೆ ಮತ್ತೆ ಐದು ದಿನ ಅದರ ಕೆಲಸ ಅದರದು, ನಿಮ್ಮದಲ್ಲ. ಹೀಗೆ ಒಂದು ಬೆಳೆಗೆ ಮೂರು ಬಿಡುವು. ಇವು ಕಚೇರಿ ಕೊಟ್ಟ ರಜೆಗಳಲ್ಲ, ಹುಳು ಕೊಟ್ಟ ರಜೆಗಳು.

ಈ ಬಿಡುವು ಶನಿವಾರ ಭಾನುವಾರಗಳಂದೇ ಬರಲೆಂದರೆ ಹುಳು ತರುವ ದಿನವೇ ಸ್ವಲ್ಪ ಲೆಕ್ಕ ಹಾಕಬೇಕು. ಬುಧವಾರ ತಂದ ಹುಳು ಸುಮಾರು ಶನಿವಾರದ ಹೊತ್ತಿಗೆ ಮೂರನೆಯ ಜ್ವರಕ್ಕೆ ಕೂರುತ್ತದೆ. ಚಳಿ ಹೆಚ್ಚಿದ್ದರೆ ಅರ್ಧ ದಿನ, ಒಂದು ದಿನ ಹಿಂದೆ ಬೀಳಬಹುದು. ಎಲ್ಲ ಸಲವೂ ದಿನ ನಿಮ್ಮ ಕೈಯಲ್ಲಿರುವುದಿಲ್ಲ, ನಿಜ. ಆದರೆ ಸೊಪ್ಪಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ ಆಟದ ಲೆಕ್ಕಕ್ಕೂ ಒಂದು ಗೆರೆ ಎಳೆದರೆ ಯಾವ ನಷ್ಟವೂ ಇಲ್ಲ.

ಇನ್ನು ಆ ಬಿಡುವಿನಲ್ಲಿ ಏನು ಮಾಡುವುದು? ಅಂಗಡಿಯಿಂದ ತಂದ ಆಟಿಕೆ ಬೇಕಾಗಿಲ್ಲ. ಮುಸುಕಿನ ಜೋಳ ಕಟಾವಾದ ಹೊಲದಲ್ಲಿ ಒಣಗಿದ ದಂಟು ಬೇಕಾದಷ್ಟು ಬಿದ್ದಿರುತ್ತದೆ. ಅದರ ಮೇಲಿನ ಸಿಪ್ಪೆಯನ್ನು ಸೀಳಿದರೆ ಗಟ್ಟಿ ಕಡ್ಡಿ, ಒಳಗಿನದು ಹಗುರವಾದ ಬೆಂಡು. ಬೆಂಡನ್ನು ತುಂಡು ಮಾಡಿ, ಸಿಪ್ಪೆಯ ಕಡ್ಡಿಯನ್ನೇ ಮೊಳೆಯಾಗಿ ಚುಚ್ಚಿದರೆ ಗಾಡಿಯಾಗುತ್ತದೆ, ನೊಗವಾಗುತ್ತದೆ, ಜೋಡೆತ್ತಾಗುತ್ತದೆ. ಮೂಗಿನ ಮೇಲೆ ಕೂರುವ ಕನ್ನಡಕವೂ ಆಗುತ್ತದೆ. ಅಂಟು ಬೇಡ, ದಾರ ಬೇಡ. ಸಿಪ್ಪೆಯ ಅಂಚು ಬ್ಲೇಡಿನಷ್ಟೇ ಹರಿತವಾದುದರಿಂದ ಸೀಳುವ ಕೆಲಸವನ್ನು ದೊಡ್ಡವರು ಮಾಡಿಕೊಡಬೇಕು, ಅಷ್ಟೆ. ಅಜ್ಜನಿದ್ದರೆ ಈ ಕೆಲಸ ಅವರಿಗೇ ಬಿಡಿ. ಅವರ ಬೆರಳಿಗೆ ಇದು ಮರೆತಿರುವುದಿಲ್ಲ.

ಎರಡನೆಯದು ಗೂಡಿನ ಹೂವು. ಚಿಟ್ಟೆ ಕೊರೆದು ಹೊರಬಂದ ಗೂಡಿನ ಎಳೆ ಅಲ್ಲಲ್ಲಿ ತುಂಡಾಗಿರುತ್ತದೆ. ಅದನ್ನು ಚರಕದ ಮೇಲೆ ಬಿಚ್ಚಲಾಗದು. ಒಳ್ಳೆಯ ಗೂಡಿನಲ್ಲಿ ನೂರಾರು ಮೀಟರು, ಬಿಳಿಯ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರಿನ ಸುಮಾರಿಗೆ ಒಂದೇ ಎಳೆ ಇರುತ್ತದೆ. ಕೊರೆದ ಗೂಡಿಗೆ ಆ ಭಾಗ್ಯವಿಲ್ಲ. ಅಂಥವನ್ನು ಮಕ್ಕಳಿಗೆ ಕೊಡಿ. ಕತ್ತರಿಯಿಂದ ಬಾಯಿಯ ಕಡೆ ಐದು ಸೀಳು ಮಾಡಿ ಹೊರಕ್ಕೆ ಬಗ್ಗಿಸಿದರೆ ಐದು ದಳ. ಅರಿಶಿನದ ಬಿಸಿನೀರಿನಲ್ಲಿ ಅದ್ದಿದರೆ ಚೆಂಡುಹೂವಿನ ಬಣ್ಣ; ರೇಷ್ಮೆ ಬಣ್ಣವನ್ನು ಹತ್ತಿಗಿಂತ ಬೇಗ ಹಿಡಿಯುತ್ತದೆ. ಸೂಜಿದಾರದಲ್ಲಿ ಪೋಣಿಸಿದರೆ ಹಾರ. ಸಭೆ ಸಮಾರಂಭಗಳಲ್ಲಿ ಅತಿಥಿಗಳ ಕೊರಳಿಗೆ ಗೂಡಿನ ಹಾರ ಬೀಳುವುದನ್ನು ನೀವು ನೋಡಿಯೇ ಇದ್ದೀರಿ. ಮಗು ಕಟ್ಟಿದ ಹಾರ ಅಷ್ಟು ಅಂದವಾಗಿರದು. ಆದರೂ ಅದನ್ನು ಬಾಗಿಲಿಗೆ ಕಟ್ಟಿ.

ಅಡಿಗೆಮನೆಯೂ ಈ ಕಾಲದಲ್ಲಿ ಆಟದ ಮನೆಯೇ. ಮಂಜು ಬಿದ್ದ ಅವರೆಕಾಯಿಯ ಸೊಗಡು ಮನೆಯನ್ನು ತುಂಬಿರುವಾಗ, ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ಸುತ್ತ ಕೂತು ಹಿದುಕುವುದಕ್ಕಿಂತ ಒಳ್ಳೆಯ ಕೂಟ ಯಾವುದಿದೆ? ಹೆಬ್ಬೆರಳಿನಿಂದ ಒತ್ತಿದರೆ ಬೇಳೆ ಚಂಗನೆ ಹಾರುತ್ತದೆ. ತಟ್ಟೆಗೆ ಬಿದ್ದುದೆಷ್ಟು, ತಮ್ಮನ ಕೆನ್ನೆಗೆ ಬಿದ್ದುದೆಷ್ಟು ಎಂಬುದರ ಮೇಲೆ ಒಂದು ಪಂದ್ಯವೇ ನಡೆಯುತ್ತದೆ. ಸಂಕ್ರಾಂತಿಗೆ ಎರಡು ವಾರ ಮುಂಚೆ ಕೊಬ್ಬರಿ, ಬೆಲ್ಲಗಳನ್ನು ಸಣ್ಣಗೆ ಹೆಚ್ಚಿ ಬಿಸಿಲಿಗೆ ಹಾಕುವುದು, ಸಕ್ಕರೆ ಪಾಕವನ್ನು ಅಚ್ಚಿಗೆ ಹೊಯ್ಯುವುದು, ಇವೂ ಅದೇ ಜಾತಿಯ ಕೆಲಸ. ಪಾಕ ದೊಡ್ಡವರದು, ಅಚ್ಚು ಬಿಚ್ಚುವ ಗಳಿಗೆ ಮಕ್ಕಳದು. ಆನೆಯ ಸೊಂಡಿಲು ಮುರಿದರೆ ಗದರಬೇಡಿ. ಮುರಿದುದು ಎಲ್ಲಿಗೆ ಹೋಗಬೇಕೆಂದು ಅವರಿಗೆ ಗೊತ್ತು.

ಹೊರಗಿನ ಆಟಕ್ಕೆ ಈ ಕಾಲಕ್ಕಿಂತ ಒಳ್ಳೆಯ ಕಾಲವಿಲ್ಲ. ಗಾಳಿಪಟ ಆಷಾಢದ ಗಾಳಿಗೆ ಸೇರಿದ್ದು. ಅದನ್ನು ಅಟ್ಟದ ಮೇಲಿಡಿ. ಎಳೆಬಿಸಿಲಿಗೆ ಸೇರಿದುವು ಚಿನ್ನಿದಾಂಡು, ಲಗೋರಿ, ಬುಗುರಿ, ಕುಂಟೆಬಿಲ್ಲೆ. ರಾಗಿ ತೆನೆ ಬಡಿದು ಗುಡಿಸಿದ ಕಣ ನೆಲಮಾಳಿಗೆಯಷ್ಟು ನಯವಾಗಿರುತ್ತದೆ. ಬುಗುರಿಗೆ ಅಂಥ ನೆಲ ಮತ್ತೆ ವರ್ಷದವರೆಗೆ ಸಿಕ್ಕದು. ಚಿಂತಾಮಣಿಯ ಕಡೆ ಮಕ್ಕಳು ತೆಲುಗಿನಲ್ಲಿ ಎಣಿಸಿ ಕನ್ನಡದಲ್ಲಿ ಜಗಳವಾಡುತ್ತಾರೆ. ಎರಡು ಭಾಷೆ ಕಲಿಸಲು ಇದಕ್ಕಿಂತ ಅಗ್ಗವಾದ ಶಾಲೆಯಿಲ್ಲ. ನಡೆಯುವ ಉತ್ಸಾಹವಿದ್ದರೆ ಕೈವಾರದ ಬೆಟ್ಟವಿದೆ. ಭೀಮನೂ ಬಕಾಸುರನೂ ಹೊಡೆದಾಡಿದ್ದು ಅಲ್ಲಿಯೇ ಎಂದು ಊರವರು ಹೇಳುತ್ತಾರೆ. ನಂದಿಯ ತಪ್ಪಲಿನ ಭೋಗನಂದೀಶ್ವರ ಗುಡಿಯ ಕಲ್ಯಾಣಿಯ ಮೆಟ್ಟಿಲೆಣಿಸುವುದೂ ಒಂದು ಆಟವೇ. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ನೆನಪಿನ ಮನೆಯಿದೆ. ಗೌರಿಬಿದನೂರಿನವರು ವಿದುರಾಶ್ವತ್ಥಕ್ಕೆ ಹೋಗಿ, 1938ರ ಏಪ್ರಿಲ್ 25ರಂದು ಧ್ವಜ ಹಿಡಿದು ನಿಂತವರ ಮೇಲೆ ಗುಂಡು ಹಾರಿದ ಜಾಗವನ್ನು ಮಕ್ಕಳಿಗೆ ತೋರಿಸಿ, ಬುತ್ತಿ ಬಿಚ್ಚಬಹುದು.

ಎರಡು ಎಚ್ಚರಿಕೆ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಬಳಿ ಆಟ ಕೂಡದು; ಜಾರಿದ ಕಾಲಿಗೆ ಅಲ್ಲಿ ಆಸರೆಯಿಲ್ಲ, ಈಜು ಬಲ್ಲವನೂ ಮೇಲೆ ಹತ್ತಲಾರ. ಹೊಂಡಕ್ಕೆ ಬೇಲಿ ಹಾಕಿ, ಒಂದು ಹಗ್ಗವನ್ನು ಗಟ್ಟಿಯಾಗಿ ಕಟ್ಟಿ ನೀರಿಗೆ ಇಳಿಬಿಡಿ. ಹೊಲದಿಂದ ಆಡಿ ಬಂದ ಮಕ್ಕಳು ಕೈಕಾಲು ತೊಳೆಯದೆ ಹುಳು ಮನೆಗೆ ಕಾಲಿಡಬಾರದು. ಹುಳುವಿನ ರೋಗ ಬರುವುದು ಹೆಚ್ಚಾಗಿ ಮನುಷ್ಯನ ಕೈಕಾಲಿನ ಜೊತೆಯಲ್ಲಿಯೇ.

ಈಗ ಹೇಳಲೇಬೇಕಾದ ಮಾತಿಗೆ ಬರೋಣ. ಮಕ್ಕಳು ಮನೆಯ ಕೆಲಸಕ್ಕೆ ಕೈಹಾಕುವುದು ತಪ್ಪೇ? ತಪ್ಪಲ್ಲ. ಸೊಪ್ಪು ಹಾಕುವ ಹದ, ಜ್ವರ ಕಂಡುಹಿಡಿಯುವ ಕಣ್ಣು ಹಾಗೆಯೇ ಬರುತ್ತವೆ. ಆದರೆ ನೆರವು ಎಲ್ಲಿ ಮುಗಿಯುತ್ತದೆ, ದುಡಿಮೆ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಈ ನಾಡಿನಲ್ಲಿ ಅಳಿಸಿಹೋದದ್ದುಂಟು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ವಿಷಯವಾಗಿ ವರದಿ ಹೊರಡಿಸಿದಾಗ ಅದರಲ್ಲಿ ಕರ್ನಾಟಕದ ಹೆಸರೂ ಇತ್ತು. ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಎಳೆಯ ಬೆರಳುಗಳ ಕಥೆ ಅದು. 2016ರಲ್ಲಿ ತಿದ್ದಿದ ಕಾನೂನು 14 ವರ್ಷದೊಳಗಿನ ಮಗು ಸ್ವಂತ ಮನೆಯ ಕಸುಬಿಗೆ ನೆರವಾಗಬಹುದೆನ್ನುತ್ತದೆ. ಅದೂ ಶಾಲೆಯ ಹೊತ್ತಿನ ಆಚೆಗೆ ಅಥವಾ ರಜೆಯಲ್ಲಿ ಮಾತ್ರ, ಕೆಲಸ ಅಪಾಯದ್ದಾಗಿರಕೂಡದು. ಕಾನೂನು ಶಾಲೆಯ ಹೊತ್ತನ್ನು ಹೀಗೆ ಕಾಯುತ್ತದೆ. ರಜೆಯ ಹೊತ್ತನ್ನು ಕಾಯಬೇಕಾದವರು ಯಾರು? ನೀವೇ.

ಅದರಲ್ಲಿಯೂ ಮನೆಯ ಹೆಣ್ಣುಮಗುವಿನ ಕಡೆ ನೋಡಿ. ಹುಳು ಜ್ವರಕ್ಕೆ ಕೂತಿತೆಂದು ಅಣ್ಣ ದಾಂಡು ಹಿಡಿದು ಓಡುತ್ತಾನೆ. ಅವಳಿಗೆ? ಹುಳುವಿನ ಕೆಲಸ ನಿಂತರೆ ಪಾತ್ರೆಯಿದೆ, ಪಾತ್ರೆ ಮುಗಿದರೆ ಸೊಂಟದ ಮೇಲೆ ತಮ್ಮನಿದ್ದಾನೆ. ಹುಳು ಕೊಟ್ಟ ರಜೆ ಅರ್ಧ ಮನೆಗೆ ಮಾತ್ರ ಸಿಕ್ಕಂತಾಯಿತು. ಕುಂಟೆಬಿಲ್ಲೆಯ ಚೌಕ ಬರೆದು ಅವಳು ಆಡುವ ಒಂದು ಗಂಟೆ, ತಮ್ಮನನ್ನು ಅಣ್ಣ ಎತ್ತಿಕೊಳ್ಳಲಿ. ಅವನ ತೋಳೇನೂ ಸವೆಯುವುದಿಲ್ಲ.

ಬೇರೆಲ್ಲ ಕೂಡದಿದ್ದರೂ ಇಷ್ಟು ಮಾಡಬಹುದು. ಪ್ರತಿ ಬೆಳೆಯ ಮೂರು ಬಿಡುವುಗಳಲ್ಲಿ ಎರಡೆರಡು ಗಂಟೆ ಮಕ್ಕಳ ಹೆಸರಿಗೆ ಬರೆದಿಡಿ. ಆ ಎರಡು ಗಂಟೆಯಲ್ಲಿ ಯಾರೂ ಅವರನ್ನು ಕೂಗಬಾರದು, ಒಂದು ಚೊಂಬು ನೀರಿಗೂ ಸಹ. ಆದರೆ ನೀವೂ ಒಂದು ಗಳಿಗೆ ಜೊತೆಗೆ ಕೂರಿ. ಮೊಬೈಲನ್ನು ಗೂಡಿನಲ್ಲಿಟ್ಟು ಬಂದು ಬೆಂಡಿನ ಗಾಡಿಗೆ ಒಂದು ಚಕ್ರ ಹಾಕಿಕೊಡಿ. ವರ್ಷಕ್ಕೆ ಐದಾರು ಬೆಳೆ ಇಡುವ ಮನೆಯಲ್ಲಿ ಇದೆಲ್ಲ ಕೂಡಿದರೂ ಮೂವತ್ತಾರು ಗಂಟೆ ದಾಟದು. ಹುಳು ಮಲಗಿರುವಾಗ ಗದ್ದಲ ಮಾಡಬಾರದೆಂದು ಹಿರಿಯರು ಹೇಳುತ್ತಾರೆ. ಒಳ್ಳೆಯ ಮಾತು, ಮಕ್ಕಳನ್ನು ಹೊರಗೆ ಕಳಿಸಲು ಅದಕ್ಕಿಂತ ಬಲವಾದ ಕಾರಣ ಇನ್ನೇನು ಬೇಕು?