ನಗಿಸುವವರ ಊರೂರು ಅಲೆದಾಟ

ವೇದಿಕೆಯ ಮೇಲೆ ಒಬ್ಬರೇ ನಿಂತು ಸಭೆಯನ್ನೇ ನಗಿಸುವ ಕಲಾವಿದರ ಹಿಂದೆ ಎಷ್ಟು ದೊಡ್ಡ ಅಲೆದಾಟವಿದೆ ಎಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಸ್ಟೀವ್ ಮಾರ್ಟಿನ್ ಅವರ ಬದುಕು ಅದನ್ನು ಬಿಚ್ಚಿಡುತ್ತದೆ.

ಮಾರ್ಟಿನ್ ಸ್ಟ್ಯಾಂಡ್‌ಅಪ್ ಹಾಸ್ಯದಲ್ಲಿ ಕಳೆದದ್ದು 18 ವರ್ಷ. ಅದರಲ್ಲಿ 10 ವರ್ಷ ಬರೀ ಕಲಿಕೆಗೇ ಹೋಯಿತು. ಕಾಲೇಜು ಸಭಾಂಗಣವಿರಲಿ, ಪುಟ್ಟ ಕ್ಲಬ್ಬಿರಲಿ, ಕರೆ ಬಂದಲ್ಲಿಗೆ ಬ್ಯಾಂಜೊ ಹಿಡಿದು ಹೊರಟರು.

ಒಮ್ಮೆ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಕಾರ್ಯಕ್ರಮ ಮುಗಿದರೂ ವಿದ್ಯಾರ್ಥಿಗಳು ಕದಲಲಿಲ್ಲ. ಮಾರ್ಟಿನ್ ಮಾತಾಡುತ್ತಲೇ ಅವರ ನಡುವಿನಿಂದ ಹೊರನಡೆದರು. ಎಲ್ಲರೂ ಬೆನ್ನುಹತ್ತಿದರು. ಎದುರಿಗೆ ನೀರಿಲ್ಲದ ಈಜುಕೊಳ ಕಂಡಿತು. ವಿದ್ಯಾರ್ಥಿಗಳನ್ನು ಅದರೊಳಗೆ ಇಳಿಸಿ, ಅವರು ಎತ್ತಿ ಹಿಡಿದ ಕೈಗಳ ಮೇಲೆ ತಾವು ಈಜಿದಂತೆ ಸಾಗಿದರು!

1970ರ ದಶಕದ ಕೊನೆಗೆ ಸಾವಿರಾರು ಜನ ಸೇರುವ ಭಾರೀ ಸಭಾಂಗಣಗಳೂ ತುಂಬತೊಡಗಿದವು. ದೂರದಲ್ಲಿ ಕುಳಿತವರಿಗೂ ಕಾಣಲೆಂದು ಮಾರ್ಟಿನ್ ಬಿಳಿ ಸೂಟು ತೊಟ್ಟರು. ಆದರೆ ಅಷ್ಟು ದೊಡ್ಡ ಗದ್ದಲದಲ್ಲಿ ಸೂಕ್ಷ್ಮ ಹಾಸ್ಯಕ್ಕೆ ಜಾಗವೇ ಉಳಿಯಲಿಲ್ಲ. ಹೊಸ ಪ್ರಯೋಗ ನಿಂತಿತು. ಹೋಟೆಲ್ ಕೋಣೆಗಳ ಒಂಟಿತನ, ದಣಿವು ಬೆಳೆದವು. ಜನಪ್ರಿಯತೆ ಇನ್ನೂ ಮಾಸದಿರುವಾಗಲೇ, 1981ರಲ್ಲಿ, ಅವರು ಸ್ಟ್ಯಾಂಡ್‌ಅಪ್ ಬಿಟ್ಟು ಸಿನಿಮಾದತ್ತ ತಿರುಗಿದರು. ಈ ಏಳುಬೀಳನ್ನೆಲ್ಲ 2007ರಲ್ಲಿ 'ಬಾರ್ನ್ ಸ್ಟ್ಯಾಂಡಿಂಗ್ ಅಪ್' ಎಂಬ ಆತ್ಮಕಥನದಲ್ಲಿ ಬರೆದರು.

ನಮ್ಮಲ್ಲೂ ಹಾಸ್ಯಸಂಜೆಗಳಿಗಾಗಿ ಊರಿಂದೂರಿಗೆ ಓಡಾಡುವ ಕಲಾವಿದರಿದ್ದಾರೆ. ನಿಮ್ಮೂರಿಗೆ ಅವರು ಬಂದಾಗ ಮೊಬೈಲ್ ಬದಿಗಿಟ್ಟು, ಮುಂದಿನ ಸಾಲಿನಲ್ಲೇ ಕುಳಿತು, ಮನಬಿಚ್ಚಿ ನಗಿ. ಕಾರ್ಯಕ್ರಮ ಮುಗಿದ ಮೇಲೆ ಊಟವಾಯಿತೇ ಎಂದು ವಿಚಾರಿಸಿ.